ಕುದಿನೀರು, ಕಡು ಉಪ್ಪು, ವಿಷ: ಎಲ್ಲಿ ಬೇಕಾದರೂ ಬದುಕುವ ಬ್ಯಾಕ್ಟೀರಿಯಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ, ಗೋವಾದ ಕನ್ನಡಿಗರು ಸೂಕ್ಷ್ಮಜೀವಿಗಳ ಬಗ್ಗೆ ನನ್ನನ್ನು ಕೇಳುವ ಪ್ರಶ್ನೆಗಳು ಸುತ್ತಿ ಸುತ್ತಿ ಎರಡೇ ಕಡೆ ಬಂದು ನಿಲ್ಲುತ್ತವೆ. ಬೇರೆಯವು ಸಾಯುವ ಜಾಗದಲ್ಲಿ ಇವು ಹೇಗೆ ಬದುಕುತ್ತವೆ? ನಮ್ಮ ಗಲೀಜನ್ನೆಲ್ಲ ಇವುಗಳ ಕೈಲಿ ತೊಳೆಸಬಹುದಾ? ಸಂಘದ ಕಾರ್ಯಕ್ರಮಗಳಲ್ಲಿ, ಪತ್ರಗಳಲ್ಲಿ, ಲೋಕಲ್ ರೈಲಿನ ಮಾತುಕತೆಯಲ್ಲಿ ಕಿವಿಗೆ ಬಿದ್ದವನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಸುಲಭದವು ಮೊದಲು, ಯೋಚನೆಗೆ ಹಚ್ಚುವವು ಆಮೇಲೆ.

## ಶುರುವಿಗೆ

ನೀರು ಕುದಿಸಿದ್ರೆ ಬ್ಯಾಕ್ಟೀರಿಯಾ ಎಲ್ಲಾ ಸಾಯ್ತವೆ ಅಂತ ಅಮ್ಮ ಹೇಳ್ತಿದ್ರು. ಹಾಗಾದ್ರೆ ಬಿಸಿನೀರಿನ ಬುಗ್ಗೆಯಲ್ಲಿ ಹೇಗೆ ಬದುಕ್ತವೆ?

ಕುಡಿಯುವ ನೀರಿನ ಮಟ್ಟಿಗೆ ಅಮ್ಮ ಹೇಳಿದ್ದು ಸರಿ. ಅದನ್ನು ಬಿಡಬೇಡಿ. ಕಾಲರಾ, ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ನೀರು ಕುದಿ ಬರುವಷ್ಟರಲ್ಲೇ ಸತ್ತಿರುತ್ತವೆ. ಅವು ನಮ್ಮ ಮೈಯ 37 ಡಿಗ್ರಿಗೆ ಒಗ್ಗಿಕೊಂಡವು. ಬಿಸಿ ಏರಿದರೆ ಅವುಗಳ ಪ್ರೋಟೀನು ಆಕಾರ ಕಳೆದುಕೊಳ್ಳುತ್ತದೆ, ಕೆಲಸ ನಿಂತುಹೋಗುತ್ತದೆ.

ಬುಗ್ಗೆಯಲ್ಲಿರುವವು ಬೇರೆಯದೇ ಕುಲ. ಅವುಗಳ ಪ್ರೋಟೀನಿನ ಒಳಗಿನ ಕಟ್ಟು ಬಿಗಿ. ಹೊರಪೊರೆಯೂ ಬಿಸಿಗೆ ಸೋರುವುದಿಲ್ಲ. ಅಮೆರಿಕದ ಯೆಲ್ಲೊಸ್ಟೋನ್ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಇಂಥ ಒಂದನ್ನು ಹಿಡಿದು 1969ರಲ್ಲಿ ವರದಿ ಮಾಡಿದರು. ಹೆಸರು ಥರ್ಮಸ್ ಅಕ್ವಾಟಿಕಸ್. 70 ಡಿಗ್ರಿಯಲ್ಲಿ ಅದು ಆರಾಮಾಗಿ ಬೆಳೆಯುತ್ತದೆ. ಸಮುದ್ರದ ತಳದ ಬಿಸಿ ಬಾಯಿಗಳಲ್ಲಿ ಸಿಕ್ಕ ಮೆಥನೋಪೈರಸ್ ಎಂಬ ಜೀವಿಯನ್ನು ಒತ್ತಡ ಕೊಟ್ಟು 122 ಡಿಗ್ರಿಯಲ್ಲೂ ಬೆಳೆಸಿದ್ದಾರೆ. ಆಸ್ಪತ್ರೆಯಲ್ಲಿ ಕತ್ತರಿ, ಚಾಕುಗಳನ್ನು ಶುದ್ಧ ಮಾಡುವ ಆಟೋಕ್ಲೇವಿನ ಶಾಖ 121 ಡಿಗ್ರಿ. ಈ ಜೀವಿ ಬೆಳೆದದ್ದು ಅದಕ್ಕಿಂತ ಒಂದು ಡಿಗ್ರಿ ಜಾಸ್ತಿಯಲ್ಲಿ.

ಇಂಥ ಗಟ್ಟಿ ಜೀವಗಳು ನಮ್ಮ ಅಡುಗೆಮನೆಯಲ್ಲೂ ಇವೆಯಾ?

ಇವೆ. ಆದರೆ ಅವು ಬಿಸಿಯಲ್ಲಿ ಬೆಳೆಯುವುದಿಲ್ಲ, ಬಿಸಿಯನ್ನು ತಡೆದುಕೊಂಡು ಕಾಯುತ್ತವೆ. ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ ಜಾತಿಯವು ಕಷ್ಟ ಬಂದಾಗ ಸ್ಪೋರ್ ಆಗುತ್ತವೆ. ಒಳಗೆ ನೀರು ಕಡಿಮೆ, ಹೊರಗೆ ದಪ್ಪ ಪದರಗಳು, ಉಸಿರಾಟ ಇಲ್ಲವೆನ್ನುವಷ್ಟು. ಕುದಿಯುವ ನೀರೂ ಹ್ಯಾಂಡ್ ಸ್ಯಾನಿಟೈಸರೂ ಸ್ಪೋರನ್ನು ಖಂಡಿತ ಕೊಲ್ಲುತ್ತವೆ ಎಂದು ನಂಬುವಂತಿಲ್ಲ.

ಅನ್ನವನ್ನೇ ನೋಡಿ. ಅಕ್ಕಿಯ ಮೇಲೆ ಬ್ಯಾಸಿಲಸ್ ಸೀರಿಯಸ್ ಎಂಬುದರ ಸ್ಪೋರ್ ಇರುವುದು ಮಾಮೂಲು. ಬೇಯಿಸಿದರೂ ಕೆಲವು ಉಳಿಯುತ್ತವೆ. ಮುಂಬೈ ಸೆಕೆಯಲ್ಲಿ ಅನ್ನವನ್ನು ರಾತ್ರಿಯಿಡೀ ಕಟ್ಟೆಯ ಮೇಲೆ ಬಿಟ್ಟರೆ ಅವು ಎದ್ದು ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಬೇಗ ಆರಿಸಿ ಫ್ರಿಜ್ಜಿಗೆ ಇಡಿ. ಇನ್ನೊಂದು ಮಾತು: ಒಂದು ವರ್ಷ ತುಂಬದ ಮಗುವಿನ ನಾಲಿಗೆಗೆ ಶಾಸ್ತ್ರಕ್ಕೂ ಜೇನುತುಪ್ಪ ಹಚ್ಚಬೇಡಿ. ಜೇನಿನ ಒಣ ಸಿಹಿಯಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಸ್ಪೋರ್ ಸುಮ್ಮನೆ ಕೂತಿರಬಹುದು. ದೊಡ್ಡವರ ಹೊಟ್ಟೆಯಲ್ಲಿ ಅದರ ಆಟ ನಡೆಯುವುದಿಲ್ಲ. ಎಳೆ ಮಗುವಿನ ಕರುಳಲ್ಲಿ ನಡೆಯುತ್ತದೆ.

ವಜ್ರೇಶ್ವರಿ ಕುಂಡದಲ್ಲಿ ಸ್ನಾನ ಮಾಡಿದ್ರೆ ಈ ಬ್ಯಾಕ್ಟೀರಿಯಾ ಮೈಗೆ ಅಂಟಲ್ವಾ?

ಬಿಸಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾಕ್ಕೆ ನಮ್ಮ ಮೈ ತಂಪು ಜಾಗ. ಅಲ್ಲಿ ಅವು ಬೆಳೆಯಲಾರವು. ಮುಂಬೈ ಬಳಿಯ ವಜ್ರೇಶ್ವರಿ, ಅಕ್ಲೋಲಿ, ಗಣೇಶಪುರಿಯ ಬಿಸಿನೀರಿನ ಕುಂಡಗಳಲ್ಲಿ ಭಯ ಪಡಬೇಕಾದ್ದು ನಮ್ಮಂತೆಯೇ ಸ್ನಾನಕ್ಕೆ ಇಳಿದವರು ಬಿಟ್ಟುಹೋದ ಸಾಮಾನ್ಯ ಕೀಟಾಣುಗಳಿಗೆ. ಬೆಚ್ಚಗಿನ ನೀರಿನಲ್ಲಿ ನೀಗ್ಲೇರಿಯಾ ಎಂಬ ಅಮೀಬಾ ಇರುವ ಸಾಧ್ಯತೆಯೂ ಉಂಟು. ಅದು ಮೂಗಿನಿಂದ ಮಿದುಳಿಗೆ ಹೋಗುತ್ತದೆ. ಅಪರೂಪದ ಕಾಯಿಲೆ, ಆದರೆ ಬಂದರೆ ಉಳಿಯುವವರು ತೀರಾ ಕಡಿಮೆ. ತಲೆ ಮುಳುಗಿಸಬೇಡಿ, ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಿ.

ಎಲ್ಲವನ್ನೂ ಬ್ಯಾಕ್ಟೀರಿಯಾ ಅಂತೀರಲ್ಲ, ಮಗನ ಪುಸ್ತಕದಲ್ಲಿ ಆರ್ಕಿಯಾ ಅಂತ ಇದೆ. ಎರಡೂ ಒಂದೇನಾ?

ಬೇರೆ ಬೇರೆ. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. 1977ರಲ್ಲಿ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ಜೀವಕೋಶದ ಆರ್‌ಎನ್‌ಎ ಹೋಲಿಸಿ ನೋಡಿ, ಇವು ಬೇರೆಯೇ ಕವಲು ಎಂದು ತೋರಿಸಿದರು. ಶಾಖ, ಆಮ್ಲ, ಉಪ್ಪಿನ ತುತ್ತತುದಿಯಲ್ಲಿ ಸಿಗುವ ಜೀವಿಗಳಲ್ಲಿ ಹೆಚ್ಚಿನವು ಆರ್ಕಿಯಾ. ಮೇಲೆ ಹೇಳಿದ 122 ಡಿಗ್ರಿಯದ್ದೂ ಅದೇ. ವಿಷದ ಲೋಹ, ಎಣ್ಣೆ, ವಿಕಿರಣದ ಮಾತು ಬಂದಾಗ ಮಾತ್ರ ಬ್ಯಾಕ್ಟೀರಿಯಾದ್ದೇ ದರ್ಬಾರು.

ಗೋವಾದಲ್ಲಿ ಬಸ್ಸಿಂದ ನೋಡಿದೆ, ಉಪ್ಪಿನ ಗದ್ದೆಯ ನೀರು ಕೆಂಪಗಿತ್ತು. ಯಾರಾದ್ರೂ ಕಾರ್ಖಾನೆ ನೀರು ಬಿಟ್ಟಿದ್ದಾರಾ?

ಬೇಸಿಗೆಯ ಕೊನೆಯಲ್ಲಿ ರಿಬಂದರ್ ಕಡೆಯ ಮಿಠಾಗರಗಳಲ್ಲಿ ಆ ಬಣ್ಣ ಕಂಡರೆ ಗಾಬರಿ ಬೇಡ. ನಮ್ಮ ಸಾಣಿಕಟ್ಟೆಯ ಉಪ್ಪಿನಾಗರದಲ್ಲೂ ನಡೆಯುವ ಕೆಲಸ ಇದು. ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು 3.5 ಪರ್ಸೆಂಟ್. ಕೊನೆಯ ಗದ್ದೆಗೆ ಬರುವಾಗ ಅದರ ಎಂಟು ಹತ್ತು ಪಟ್ಟು. ಉಪ್ಪು ಹರಳಾಗುವ ಆ ನೀರಿನಲ್ಲಿ ಮಾಮೂಲಿ ಬ್ಯಾಕ್ಟೀರಿಯಾ ಒಳಗಿನ ನೀರನ್ನೆಲ್ಲ ಕಳೆದುಕೊಂಡು ಮುದುಡಿ ಸಾಯುತ್ತದೆ. ಉಪ್ಪಿನಕಾಯಿ ಕೆಡದಿರುವುದೂ ಇದರಿಂದಲೇ. ಆದರೆ ಉಪ್ಪುಪ್ರಿಯ ಆರ್ಕಿಯಾಗಳಿಗೆ ಆ ನೀರೇ ಬೇಕು. ಅವು ಹೊರಗಿನ ಉಪ್ಪಿಗೆ ಸರಿಸಮನಾಗಿ ಒಳಗೆ ಪೊಟ್ಯಾಸಿಯಂ ಕ್ಲೋರೈಡ್ ತುಂಬಿಕೊಳ್ಳುತ್ತವೆ. ಹಾಗಾಗಿ ನೀರು ಹೊರಗೆ ಓಡಿಹೋಗುವುದಿಲ್ಲ. ಸುಡುಬಿಸಿಲಿನಿಂದ ಕಾಪಾಡಿಕೊಳ್ಳಲು ಮೈತುಂಬ ಕ್ಯಾರೊಟಿನಾಯ್ಡ್ ಬಣ್ಣ. ನೀವು ಕಂಡ ಕೆಂಪು ಅದು.

ಪ್ರಯೋಗಾಲಯದಲ್ಲಿ ಇವನ್ನು ಬೆಳೆಸಬೇಕಾದರೆ ತಾಳ್ಮೆ ಬೇಕು. ಆಹಾರದ ತಟ್ಟೆಗೆ 20–25 ಪರ್ಸೆಂಟ್ ಉಪ್ಪು ಹಾಕಬೇಕು. ತಟ್ಟೆ ಒಣಗಿ ಅಂಚಿನಲ್ಲಿ ಹರಳು ಕಟ್ಟದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು ವಾರಗಟ್ಟಲೆ ಕಾಯಬೇಕು. ಆಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕಿ ಏಳುತ್ತವೆ. ಆ ಕೆಂಪು ರಾಡಿಯ ಒಂದು ತೊಟ್ಟನ್ನು ಬರೀ ನೀರಿಗೆ ಹಾಕಿ ನೋಡಿ. ಮಂಜು ಮಂಜಾಗಿದ್ದದ್ದು ನೋಡನೋಡುತ್ತಲೇ ತಿಳಿಯಾಗುತ್ತದೆ. ಜೀವಕೋಶಗಳೆಲ್ಲ ಒಡೆದಿರುತ್ತವೆ. ನಮಗೆ ಪ್ರಾಣ ಕೊಡುವ ಸಿಹಿನೀರು ಅವಕ್ಕೆ ವಿಷ. ನಾನು ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದು ಇದನ್ನೇ.

ಮಾರ್ಕೆಟ್ಟಿನಿಂದ ತಂದ ಒಣಮೀನಿನ ಮೇಲೆ ಗುಲಾಬಿ ಬಣ್ಣ, ಅಂಟು, ಕೆಟ್ಟ ವಾಸನೆ ಬಂದಿದ್ದರೆ ಅದೂ ಈ ಕುಲದ ಕೆಲಸವೇ. ಹರಳುಪ್ಪಿನ ಜೊತೆ ಬಂದಿರುತ್ತವೆ. ಅಂಥ ಮೀನು ಕೊಳ್ಳಬೇಡಿ.

2020ರಲ್ಲಿ ಲೋಣಾರ್ ಸರೋವರ ಗುಲಾಬಿ ಆಯ್ತಲ್ಲ, ಅದೂ ಇದೇನಾ?

ಹೌದು. ಬುಲ್ಢಾಣಾ ಜಿಲ್ಲೆಯ ಲೋಣಾರ್ ಉಲ್ಕೆ ಬಿದ್ದು ಆದ ಗುಂಡಿ, ಸುಮಾರು 1.8 ಕಿಲೋಮೀಟರ್ ಅಗಲ, ದಖನ್ನಿನ ಕರಿಕಲ್ಲಿನಲ್ಲಿ ಕೊರೆದದ್ದು. ನೀರು ಉಪ್ಪು, ಜೊತೆಗೆ ಸೋಪಿನ ನೀರಿನಷ್ಟು ಕ್ಷಾರ. ಪಿಎಚ್ 10ರ ಆಸುಪಾಸು. ಆ ವರ್ಷದ ಜೂನ್‌ನಲ್ಲಿ ಬಣ್ಣ ತಿರುಗಿದಾಗ ಜನ ಏನೇನೋ ಅಂದರು. ನೀರಿನ ಮಾದರಿ ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಗೆ ಬಂತು. ಬಿಸಿಲಿಗೆ ನೀರು ಇಳಿದು, ಉಪ್ಪು ಏರಿ, ಉಪ್ಪುಪ್ರಿಯ ಆರ್ಕಿಯಾ ಹೆಚ್ಚಿವೆ ಎಂದು ಅಲ್ಲಿನವರು ಕಂಡುಕೊಂಡರು. ಮಳೆ ಬಂದು ಉಪ್ಪಿನ ಸಾಂದ್ರತೆ ಇಳಿದರೆ ಇವುಗಳ ಜೋರೂ ಇಳಿಯುತ್ತದೆ.

ಇಂಥ ಕ್ಷಾರದ ಜಾಗದ ಬ್ಯಾಸಿಲಸ್‌ಗಳಿಂದ ನಮಗೆ ದಿನಾ ಲಾಭ ಇದೆ. ಬಟ್ಟೆ ಒಗೆಯುವ ಪುಡಿ ಕ್ಷಾರ. ಅದರಲ್ಲಿ ಕೆಲಸ ಮಾಡಿ ಸಾಂಬಾರಿನ, ರಕ್ತದ ಕಲೆ ಕತ್ತರಿಸುವ ಕಿಣ್ವಗಳು ಬಂದದ್ದು ಕ್ಷಾರ ಇಷ್ಟಪಡುವ ಬ್ಯಾಕ್ಟೀರಿಯಾಗಳಿಂದ.

ಇವುಗಳಿಂದ ಸೋಪಿನ ಪುಡಿ ಬಿಟ್ಟು ಬೇರೇನು ಪ್ರಯೋಜನ?

ಥರ್ಮಸ್ ಅಕ್ವಾಟಿಕಸ್‌ನಿಂದ ತೆಗೆದ ಟ್ಯಾಕ್ ಎಂಬ ಕಿಣ್ವ ಇಲ್ಲದಿದ್ದರೆ ಪಿಸಿಆರ್ ಇಷ್ಟು ಸುಲಭ ಆಗುತ್ತಿರಲಿಲ್ಲ. ಡಿಎನ್‌ಎ ನಕಲು ಮಾಡುವಾಗ ಪ್ರತಿ ಸುತ್ತಿನಲ್ಲೂ ಸುಮಾರು 95 ಡಿಗ್ರಿಗೆ ಕಾಯಿಸಬೇಕು. ಬೇರೆ ಕಿಣ್ವವಾದರೆ ಪ್ರತಿ ಸಲ ಹೊಸದಾಗಿ ಹಾಕಬೇಕು. ಇದು ತಡೆಯುತ್ತದೆ. ಪಿಸಿಆರ್ ಕಂಡುಹಿಡಿದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರೆಲ್ಲ ಬಿಸಿನೀರಿನ ಬುಗ್ಗೆಯ ಆ ಜೀವಿಗೆ ಋಣಿಗಳು. ಚರ್ಮದ ಕ್ರೀಮುಗಳಲ್ಲಿ ಬರುವ ಎಕ್ಟೋಯಿನ್ ಕೂಡ ಉಪ್ಪಿನಲ್ಲಿ ಬದುಕುವ ಬ್ಯಾಕ್ಟೀರಿಯಾ ತನ್ನ ನೀರು ಹಿಡಿದಿಟ್ಟುಕೊಳ್ಳಲು ತಯಾರಿಸುವ ವಸ್ತು.

## ವಿಷದ ವಿಚಾರ

ಪಾದರಸ ಕೊಟ್ರೂ ಸಾಯದ ಬ್ಯಾಕ್ಟೀರಿಯಾ ಉಂಟಂತೆ. ಅದು ತಿಂದ ಪಾದರಸ ಮತ್ತೆ ಎಲ್ಲಿಗೆ ಹೋಗ್ತದೆ ಮಾರಾಯ್ರೆ?

ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನಿಸುವ ಪ್ರಶ್ನೆ ಇದು. ‘ಬ್ಯಾಕ್ಟೀರಿಯಾ ವಿಷ ತಿಂದಿತು’ ಎಂದು ಯಾರಾದರೂ ಹೇಳಿದರೆ ನೀವೂ ಇದನ್ನೇ ಕೇಳಿ: ಎಲ್ಲಿಗೆ ಹೋಯಿತು?

ಈ ಬ್ಯಾಕ್ಟೀರಿಯಾಗಳಲ್ಲಿ ಮೆರ್ ಎಂಬ ಜೀನುಗಳ ಗುಂಪು ಇರುತ್ತದೆ. ಒಂದು ಪ್ರೋಟೀನು ಡಿಎನ್‌ಎ ಮೇಲೆ ಕಾವಲು ಕೂತಿರುತ್ತದೆ. ಪಾದರಸ ತಾಗಿದ ತಕ್ಷಣ ಉಳಿದ ಜೀನುಗಳನ್ನು ಎಬ್ಬಿಸುತ್ತದೆ. ಇನ್ನೆರಡು ಪ್ರೋಟೀನು ಪಾದರಸವನ್ನು ಹಿಡಿದು ಒಳಗೆ ತರುತ್ತವೆ. ವಿಷವನ್ನು ತಾನೇ ಒಳಗೆ ಕರೆಯುವುದು ವಿಚಿತ್ರ ಅಲ್ವಾ? ಒಳಗೆ ಮೆರ್-ಎ ಎಂಬ ಕಿಣ್ವ ಕಾದಿರುತ್ತದೆ. ಅದು ಪಾದರಸದ ಅಯಾನನ್ನು ಥರ್ಮಾಮೀಟರಿನಲ್ಲಿ ಇರುತ್ತಿತ್ತಲ್ಲ, ಆ ಲೋಹರೂಪಕ್ಕೆ ತಿರುಗಿಸುತ್ತದೆ. ಆ ರೂಪ ಆವಿಯಾಗಿ ಕೋಶದಿಂದ ಹೊರಗೆ ಹೋಗುತ್ತದೆ. ಬ್ಯಾಕ್ಟೀರಿಯಾ ಬದುಕಿತು. ಪಾದರಸ ಗಾಳಿಗೆ ಸೇರಿತು. ಒಂದು ಅಣುವೂ ನಾಶವಾಗಲಿಲ್ಲ. ಗಾಳಿಯಲ್ಲಿ ದೂರ ಹೋಗಿ ಮತ್ತೆಲ್ಲೋ ಇಳಿಯುತ್ತದೆ. ಈ ಬ್ಯಾಕ್ಟೀರಿಯಾ ಬಳಸಿ ನೀರು ಶುದ್ಧ ಮಾಡುವವರು ಆ ಪಾದರಸವನ್ನು ಮುಚ್ಚಿದ ಪಾತ್ರೆಯಲ್ಲೇ ಹಿಡಿದುಕೊಳ್ಳಬೇಕು.

ಇನ್ನೊಂದು ಕಡೆ ನೋಡಿ. ಗಾಳಿಯಾಡದ ಕೆಸರಿನಲ್ಲಿ ಬೇರೆ ಬ್ಯಾಕ್ಟೀರಿಯಾ ಇದೇ ಪಾದರಸವನ್ನು ಮೀಥೈಲ್ ಪಾದರಸ ಮಾಡುತ್ತವೆ. ಅದು ಇನ್ನೂ ಕೆಟ್ಟದ್ದು. ಸಣ್ಣ ಮೀನಿಂದ ದೊಡ್ಡ ಮೀನಿಗೆ ಹೋಗುತ್ತಾ ಶೇಖರವಾಗುತ್ತದೆ. ಆ ಕೆಲಸಕ್ಕೆ ಬೇಕಾದ ಎರಡು ಜೀನುಗಳು ಪತ್ತೆಯಾದದ್ದು 2013ರಲ್ಲಿ. ಬೂತಾಯಿ, ಬಂಗುಡೆಯಂಥ ಸಣ್ಣ ಮೀನಿನಲ್ಲಿ ಇದು ಕಡಿಮೆ. ಶಾರ್ಕ್‌ನಂಥ ಬೇಟೆ ಮೀನಿನಲ್ಲಿ ಜಾಸ್ತಿ. ಬಸುರಿಯರು ದೊಡ್ಡ ಬೇಟೆ ಮೀನು ಬಿಡುವುದು ಒಳ್ಳೆಯದು.

ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ನಮ್ಮ ಕರಾವಳಿಯ ನೀರಿನಲ್ಲಿ ಪಾದರಸ ತಡೆಯುವ ಬ್ಯಾಕ್ಟೀರಿಯಾ ಹೆಚ್ಚುತ್ತಿರುವುದನ್ನು 2003ರಲ್ಲೇ ವರದಿ ಮಾಡಿದ್ದಾರೆ. ಇದನ್ನು ‘ಪ್ರಕೃತಿ ತನ್ನ ಗಾಯ ತಾನೇ ವಾಸಿ ಮಾಡಿಕೊಳ್ತಿದೆ’ ಎಂದು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಇಂಥವು ಹೆಚ್ಚುತ್ತಿವೆ ಎಂದರೆ ನೀರಿಗೆ ವಿಷ ಬೀಳುತ್ತಲೇ ಇದೆ ಎಂದರ್ಥ.

ನಮ್ಮ ಕಡೆ ಬಾವಿ ನೀರಾಗ ಆರ್ಸೆನಿಕ್ ಐತಂತ್ರೀ. ಆರ್ಸೆನಿಕ್ಕಿನಿಂದನ ಮೈ ಕಟ್ಟಿಕೊಂಡ ಬ್ಯಾಕ್ಟೀರಿಯಾ ಸಿಕ್ಕಾವಂತ, ಖರೇ ಏನ್ರೀ?

ಆ ಸುದ್ದಿ 2010ರದ್ದು. ಕ್ಯಾಲಿಫೋರ್ನಿಯಾದ ಮೋನೋ ಸರೋವರದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಡಿಎನ್‌ಎಯಲ್ಲಿ ರಂಜಕದ ಬದಲು ಆರ್ಸೆನಿಕ್ ಬಳಸುತ್ತದೆ ಎಂದು ನಾಸಾ ದೊಡ್ಡ ಪತ್ರಿಕಾಗೋಷ್ಠಿ ಮಾಡಿ ಹೇಳಿತು. 2012ರಲ್ಲಿ ಬೇರೆ ಪ್ರಯೋಗಾಲಯಗಳು ಅದನ್ನೇ ಬೆಳೆಸಿ ನೋಡಿದವು. ಅದಕ್ಕೂ ರಂಜಕ ಬೇಕೇ ಬೇಕು, ಸ್ವಲ್ಪ ಸಾಕು ಅಷ್ಟೆ ಎಂದು ಗೊತ್ತಾಯಿತು. ಆ ಲೇಖನವನ್ನು ‘ಸೈನ್ಸ್’ ಪತ್ರಿಕೆ 2025ರ ಜುಲೈನಲ್ಲಿ ವಾಪಸ್ ಪಡೆಯಿತು. ಬರೆದವರು ಅದಕ್ಕೆ ಒಪ್ಪಿರಲಿಲ್ಲ.

ಸಾಬೀತಾದ ವಿಚಾರವೂ ಕಡಿಮೆ ಸ್ವಾರಸ್ಯದ್ದಲ್ಲ. ಎಷ್ಟೋ ಬ್ಯಾಕ್ಟೀರಿಯಾ ಒಳಗೆ ಬಂದ ಆರ್ಸೆನಿಕ್ಕನ್ನು ಪಂಪು ಮಾಡಿ ಹೊರಹಾಕುತ್ತವೆ. ಕೆಲವು ನಾವು ಆಮ್ಲಜನಕ ಬಳಸುವ ಜಾಗದಲ್ಲಿ ಆರ್ಸೆನೇಟ್ ಬಳಸಿ ಉಸಿರಾಡುತ್ತವೆ. ಬಂಗಾಳದ ಕೆಸರು ನೆಲದಲ್ಲಿ ಕಬ್ಬಿಣದ ಜಂಗಿಗೆ ಅಂಟಿಕೊಂಡ ಆರ್ಸೆನಿಕ್ ಬಿಡಿಸಿ ಕೊಳವೆಬಾವಿ ನೀರಿಗೆ ಸೇರಿಸುವುದರಲ್ಲಿ ಬ್ಯಾಕ್ಟೀರಿಯಾದ್ದೇ ಕೈವಾಡ. ಯಾದಗಿರಿ, ರಾಯಚೂರಿನ ಚಿನ್ನದ ಕಲ್ಲಿನ ಪಟ್ಟಿಯಲ್ಲಿ ಬಂಡೆಯಲ್ಲೇ ಆರ್ಸೆನಿಕ್ ಇದೆ. ಊರಿನವರು ನೀರನ್ನು ಪರೀಕ್ಷೆ ಮಾಡಿಸಲಿ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆರಿ ಇನ್ನಷ್ಟು ಗಟ್ಟಿಯಾಗುತ್ತದೆ.

ನಾವು ಕೆಜಿಎಫ್‌ನವರು, ಈಗ ಚಿಂಚ್‌ವಡದಲ್ಲಿದ್ದೇವೆ. ಅಲ್ಲಿನ ಸಯನೈಡ್ ಗುಡ್ಡಗಳನ್ನು ಬ್ಯಾಕ್ಟೀರಿಯಾ ಸರಿಮಾಡಬಹುದಾ?

ಚಿನ್ನ ತೆಗೆಯಲು ಸಯನೈಡ್ ಹಾಕಿ ಉಳಿದ ಕಲ್ಲಿನ ಪುಡಿಯ ರಾಶಿಗಳು ಅವು. ಇದಕ್ಕೆ ಎರಡು ಭಾಗ. ಸಯನೈಡ್ ಎಂದರೆ ಇಂಗಾಲ ಮತ್ತು ಸಾರಜನಕ. ಅದನ್ನು ಒಡೆದು ನಿಜವಾಗಿಯೂ ಮುಗಿಸಬಹುದು, ಪಾದರಸದ ಹಾಗಲ್ಲ. ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ 1984ರಿಂದ ಬ್ಯಾಕ್ಟೀರಿಯಾ ಬೆಳೆಸಿದ ತಿರುಗುವ ಚಕ್ರಗಳ ಮೇಲೆ ಸಯನೈಡ್ ನೀರು ಹರಿಸಿ ಶುದ್ಧ ಮಾಡಿದ್ದಾರೆ. ಸಯನೈಡ್ ಬಿಸಿಲಿಗೂ ಗಾಳಿಗೂ ತಾನಾಗಿಯೇ ಸ್ವಲ್ಪ ಸ್ವಲ್ಪ ಹೋಗುತ್ತದೆ.

ಉಳಿಯುವುದು ನುಣ್ಣಗೆ ಅರೆದ ಕಲ್ಲಿನ ಪುಡಿ ಮತ್ತು ಅದರೊಳಗಿನ ಲೋಹ. ಗಾಳಿ ಬೀಸಿದಾಗ ಮನೆಯೊಳಗೆ ಬರುವ ಧೂಳು ಅದೇ. ಬ್ಯಾಕ್ಟೀರಿಯಾ ಅದನ್ನು ತಿನ್ನುವುದಿಲ್ಲ. ಗಣಿ ಮುಚ್ಚಿದ್ದು 2001ರಲ್ಲಿ. ಗುಡ್ಡಕ್ಕೆ ಬೇಕಾದ್ದು ಮಣ್ಣಿನ ಹೊದಿಕೆ, ಬೇರು ಬಿಡುವ ಗಿಡ. ಬ್ಯಾಕ್ಟೀರಿಯಾ ಆ ಬೇರಿಗೆ ಸಹಾಯಕ ಆಗಬಹುದು, ಅಷ್ಟೆ. ಗಂಧಕದ ಅದಿರು ಇರುವ ಬೇರೆ ಗಣಿಗಳಲ್ಲಂತೂ ಅಸಿಡಿಥಿಯೋಬ್ಯಾಸಿಲಸ್‌ನಂಥವು ಗಾಳಿ, ನೀರು ಸಿಕ್ಕ ತಕ್ಷಣ ಅದಿರನ್ನು ಕರಗಿಸಿ ಗಂಧಕಾಮ್ಲ ಮಾಡಿ ಹೊಳೆಗೆ ಬಿಡುತ್ತವೆ. ಅಲ್ಲಿ ಬ್ಯಾಕ್ಟೀರಿಯಾವೇ ತೊಂದರೆಯ ಭಾಗ.

ಮೇ ತಿಂಗಳಲ್ಲಿ ಕೋಲ್ವಾ ಬೀಚಿಗೆ ಹೋದರೆ ಕಾಲಿಗೆಲ್ಲ ಡಾಂಬರು. ಎಣ್ಣೆ ತಿನ್ನೋ ಬ್ಯಾಕ್ಟೀರಿಯಾ ಸುರಿದ್ರೆ ಮುಗಿದುಹೋಗಲ್ವಾ?

ಎಣ್ಣೆ ತಿನ್ನುವವು ಸಮುದ್ರದಲ್ಲಿ ಮೊದಲೇ ಇವೆ. ಎಣ್ಣೆ ಚೆಲ್ಲಿದಾಗ ತಾವಾಗಿಯೇ ಹೆಚ್ಚುತ್ತವೆ. ಕೊರತೆ ಇರುವುದು ಸಾರಜನಕ ಮತ್ತು ರಂಜಕಕ್ಕೆ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೇಜ್ ಹಡಗು ಒಡೆದಾಗ ದಡದ ಕಲ್ಲುಗಳಿಗೆ ಗೊಬ್ಬರ ಹಾಕಿ, ಅಲ್ಲಿದ್ದ ಬ್ಯಾಕ್ಟೀರಿಯಾವನ್ನೇ ಎಬ್ಬಿಸಿದರು.

ನಿಮ್ಮ ಕಾಲಿಗೆ ಅಂಟುವ ಡಾಂಬರಿನ, ಅಂದರೆ ಟಾರ್ ಉಂಡೆಯ, ಕಷ್ಟ ಬೇರೆ. ಸಮುದ್ರದಲ್ಲಿ ತೇಲಿ ತೇಲಿ ಹಗುರ ಎಣ್ಣೆಯೆಲ್ಲ ಹಾರಿಹೋಗಿ, ಅರಗಿಸಿಕೊಳ್ಳಲು ಕಷ್ಟವಾದ ಅಂಟು ಮಾತ್ರ ಉಳಿದಿರುತ್ತದೆ. ಹೊರಮೈಯಲ್ಲಿ ಬ್ಯಾಕ್ಟೀರಿಯಾ ಇದ್ದರೂ ಒಳಗೆ ಗಾಳಿ ಹೋಗುವುದಿಲ್ಲ. ಗುದ್ದಲಿ, ಬುಟ್ಟಿ ಹಿಡಿದು ತೆಗೆಯುವುದೇ ದಾರಿ. 2010ರ ಆಗಸ್ಟ್‌ನಲ್ಲಿ ಮುಂಬೈ ಬಂದರಿನ ಬಾಯಲ್ಲಿ ಎಂಎಸ್‌ಸಿ ಚಿತ್ರಾ ಹಡಗಿಗೆ ಇನ್ನೊಂದು ಹಡಗು ಡಿಕ್ಕಿ ಹೊಡೆದು ಎಣ್ಣೆ ಚೆಲ್ಲಿತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿಗೆ ಎಣ್ಣೆ ಮೆತ್ತಿತು. ಅಂಥ ಕೆಸರಿನಲ್ಲಿ ಗಾಳಿ ಇಲ್ಲ. ಬ್ಯಾಕ್ಟೀರಿಯಾದ ಕೆಲಸ ತೀರಾ ನಿಧಾನ.

ಇದೇ ವಿಷಯದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಆನಂದ ಮೋಹನ ಚಕ್ರವರ್ತಿಯವರನ್ನು ನೆನೆಯಬೇಕು. ಅಮೆರಿಕದಲ್ಲಿ ಕೆಲಸ ಮಾಡುತ್ತಾ, ಎಣ್ಣೆಯ ಬೇರೆ ಬೇರೆ ಅಂಶ ಒಡೆಯುವ ಪ್ಲಾಸ್ಮಿಡ್‌ಗಳನ್ನು (ಬ್ಯಾಕ್ಟೀರಿಯಾದಲ್ಲಿ ಬಿಡಿಯಾಗಿರುವ ಸಣ್ಣ ಡಿಎನ್‌ಎ ಉಂಗುರಗಳು) ಒಂದೇ ಸೂಡೋಮೊನಾಸ್ ಬ್ಯಾಕ್ಟೀರಿಯಾದಲ್ಲಿ ಸೇರಿಸಿದರು. ಅದಕ್ಕೆ ಪೇಟೆಂಟ್ ಕೊಡಬಹುದು ಎಂದು 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ತೀರ್ಪು ಕೊಟ್ಟಿತು. ಜೀವಿಗೆ ಪೇಟೆಂಟ್ ಸಿಗುವ ದಾರಿ ತೆರೆದದ್ದು ಅದೇ.

ಪ್ಲಾಸ್ಟಿಕ್ ತಿನ್ನೋ ಬ್ಯಾಕ್ಟೀರಿಯಾನ ದೇವನಾರ್ ಕಸದ ರಾಶಿಗೆ ಬಿಟ್ರೆ?

ಜಪಾನಿನ ಸಕಾಯ್‌ನಲ್ಲಿ ಬಾಟಲಿ ಮರುಬಳಕೆ ಜಾಗದ ಬಳಿ ಸಿಕ್ಕ ಇಡಿಯೊನೆಲ್ಲಾ ಸಕಾಯೆನ್ಸಿಸ್ ಬಗ್ಗೆ 2016ರಲ್ಲಿ ವರದಿ ಬಂತು. ಅದು ಒಡೆಯುವುದು ಪೆಟ್ ಪ್ಲಾಸ್ಟಿಕ್ ಒಂದನ್ನೇ. 30 ಡಿಗ್ರಿಯಲ್ಲಿ, ತೆಳು ಹಾಳೆ ಕರಗಲು ಸುಮಾರು ಆರು ವಾರ. ಕಸದ ರಾಶಿಯಲ್ಲಿ ಕ್ಯಾರಿಬ್ಯಾಗಿನ ಪಾಲಿಥೀನ್ ಜಾಸ್ತಿ. ಅದಕ್ಕೆ ಈ ಕಿಣ್ವ ತಾಗುವುದೇ ಇಲ್ಲ. ಕಿಣ್ವವನ್ನು ಸುಧಾರಿಸಿ ಕಾರ್ಖಾನೆಯ ತೊಟ್ಟಿಯಲ್ಲಿ ಬಾಟಲಿ ಕರಗಿಸುವ ಕೆಲಸದ ಮೇಲೆ ನನಗೆ ಭರವಸೆ ಇದೆ. ರಾಶಿಗೆ ಸುರಿಯುವುದರ ಮೇಲೆ ಇಲ್ಲ.

## ಇನ್ನೂ ಆಳಕ್ಕೆ

ಟ್ರಾಂಬೆಯಲ್ಲಿ ವಿಕಿರಣಕ್ಕೂ ಸಾಯದ ಬ್ಯಾಕ್ಟೀರಿಯಾ ಇಟ್ಕೊಂಡಿದ್ದಾರಂತೆ. ಅದು ಅಪಾಯ ಅಲ್ವಾ?

ಅದರ ಹೆಸರು ಡೈನೋಕಾಕಸ್ ರೇಡಿಯೋಡ್ಯೂರನ್ಸ್. ಕಾಯಿಲೆ ತರುವುದಿಲ್ಲ. 1956ರಲ್ಲಿ ಅಮೆರಿಕದ ಆರೆಗನ್‌ನಲ್ಲಿ, ವಿಕಿರಣ ಹಾಯಿಸಿದ ಮೇಲೂ ಕೆಟ್ಟುಹೋದ ಮಾಂಸದ ಡಬ್ಬಿಯಲ್ಲಿ ಸಿಕ್ಕಿತು. ಮನುಷ್ಯನಿಗೆ 5 ಗ್ರೇ ವಿಕಿರಣ ಪ್ರಾಣಕ್ಕೆ ಸಂಚಕಾರ. ಇದು 5000 ಗ್ರೇ ತಡೆಯುತ್ತದೆ.

ವಿಕಿರಣ ಇದರ ಡಿಎನ್‌ಎಯನ್ನೂ ನೂರಾರು ಚೂರು ಮಾಡುತ್ತದೆ. ಇದಕ್ಕೆ ಎರಡು ಬಲ ಇದೆ. ಒಂದು, ಡಿಎನ್‌ಎಯ ಹಲವು ಪ್ರತಿಗಳು ಒಳಗಿರುತ್ತವೆ. ಒಂದೇ ಪತ್ರದ ನಾಲ್ಕು ಪ್ರತಿ ಹರಿದುಹೋದರೂ ಬೇರೆ ಬೇರೆ ಕಡೆ ಹರಿದಿದ್ದರೆ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಪೂರ್ತಿ ಓದಬಹುದಲ್ಲ, ಹಾಗೆ ಕೆಲವೇ ಗಂಟೆಗಳಲ್ಲಿ ಮತ್ತೆ ಜೋಡಿಸಿಕೊಳ್ಳುತ್ತದೆ. ಎರಡು, ಜೋಡಿಸುವ ಪ್ರೋಟೀನುಗಳು ಹಾಳಾಗದಂತೆ ಮ್ಯಾಂಗನೀಸಿನ ಸಣ್ಣ ಸಂಯುಕ್ತಗಳು ಕಾಯುತ್ತವೆ. ಭೂಮಿಯ ಮೇಲೆ ಸಹಜವಾಗಿ ಅಷ್ಟು ವಿಕಿರಣ ಎಲ್ಲೂ ಇಲ್ಲ. ಮತ್ತೆ ಈ ಶಕ್ತಿ ಯಾಕೆ ಬಂತು? ಪೂರ್ತಿ ಒಣಗಿದಾಗಲೂ ಡಿಎನ್‌ಎ ಇದೇ ಥರ ಚೂರಾಗುತ್ತದೆ. ಬರಗಾಲ ತಡೆಯಲು ಕಲಿತ ವಿದ್ಯೆ ವಿಕಿರಣಕ್ಕೂ ಆಯಿತು ಎನ್ನುವುದು ಹೆಚ್ಚಿನವರು ಒಪ್ಪುವ ಮಾತು.

ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಸಾಲ್ಮೊನೆಲ್ಲಾದಿಂದ ತೆಗೆದ ಒಂದು ಜೀನನ್ನು ಇದರೊಳಗೆ ಇಟ್ಟರು. 2006ರಲ್ಲಿ ಪ್ರಕಟವಾದ ಕೆಲಸ. ಆ ಜೀನಿನ ಕಿಣ್ವ ಫಾಸ್ಫೇಟ್ ಬಿಡಿಸುತ್ತದೆ. ಫಾಸ್ಫೇಟು ನೀರಿನಲ್ಲಿ ಕರಗಿರುವ ಯುರೇನಿಯಂ ಜೊತೆ ಸೇರಿ ಗಷ್ಟಿನಂತೆ ತಳಕ್ಕೆ ಕೂರುತ್ತದೆ. ಬೇರೆ ಬ್ಯಾಕ್ಟೀರಿಯಾಕ್ಕೂ ಈ ಕಿಣ್ವ ಕೊಡಬಹುದು, ಆದರೆ ವಿಕಿರಣದ ನೀರಿನಲ್ಲಿ ಅವು ಬದುಕಲಾರವು. ಇಲ್ಲೂ ‘ಎಲ್ಲಿಗೆ ಹೋಯಿತು’ ಎಂದು ಕೇಳಿದರೆ ಉತ್ತರ ಪ್ರಾಮಾಣಿಕವಾಗಿದೆ. ನೀರಿನಿಂದ ಗಷ್ಟಿಗೆ ಬಂತು. ದೊಡ್ಡ ತೊಟ್ಟಿಯ ಬದಲು ಒಂದು ಹಿಡಿ ಗಷ್ಟನ್ನು ಕಾಯಬೇಕು. ಅದು ದೊಡ್ಡ ಲಾಭವೇ.

ಇಸ್ರೋ ಬಲೂನಿಗೆ ಸಿಕ್ಕ ಬ್ಯಾಕ್ಟೀರಿಯಾ ಬೇರೆ ಗ್ರಹದಿಂದ ಬಂದದ್ದಾ?

ಹಾಗೆಂದು ಅದನ್ನು ಕಂಡವರೇ ಹೇಳಿಲ್ಲ. 2005ರಲ್ಲಿ ಹೈದರಾಬಾದಿನಿಂದ ಹಾರಿಸಿದ ಬಲೂನು 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿ ಹಿಡಿದು ತಂದಿತು. ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿ ಮತ್ತು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿದವು. ಮೂರು ಹೊಸ ಜಾತಿ ಸಿಕ್ಕವು ಎಂದು 2009ರಲ್ಲಿ ಪ್ರಕಟವಾಯಿತು. ಒಂದಕ್ಕೆ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಹೆಸರು, ಒಂದಕ್ಕೆ ಇಸ್ರೋ ಹೆಸರು, ಇನ್ನೊಂದಕ್ಕೆ ಆರ್ಯಭಟನ ಹೆಸರು. ಅವುಗಳ ನೆಂಟರು ಭೂಮಿಯ ಮಣ್ಣಲ್ಲೇ ಇದ್ದಾರೆ. ನೇರಳಾತೀತ ಕಿರಣ ಚೆನ್ನಾಗಿ ತಡೆಯುತ್ತವೆ ಎನ್ನುವುದು ವಿಶೇಷ.

ಡೈನೋಕಾಕಸ್‌ನ ಒಣ ಉಂಡೆಗಳನ್ನು ಜಪಾನಿನವರು ಬಾಹ್ಯಾಕಾಶ ನಿಲ್ದಾಣದ ಹೊರಗೆ ಮೂರು ವರ್ಷ ಕಟ್ಟಿಟ್ಟು 2020ರಲ್ಲಿ ಫಲಿತಾಂಶ ಹೇಳಿದರು. ಮೇಲಿನ ಪದರ ಸತ್ತು, ಕೆಳಗಿನವರಿಗೆ ನೆರಳಾಗಿತ್ತು. ಅರ್ಧ ಮಿಲಿಮೀಟರಿಗಿಂತ ದಪ್ಪ ಇದ್ದ ಉಂಡೆಗಳ ಒಳಗಿನವು ಬದುಕಿದ್ದವು.

ವಿಷ ತಡೆಯೋ ಬ್ಯಾಕ್ಟೀರಿಯಾಕ್ಕೂ ಔಷಧಿಗೆ ಬಗ್ಗದ ಆಸ್ಪತ್ರೆ ಇನ್ಫೆಕ್ಷನ್ನಿಗೂ ಸಂಬಂಧ ಇದೆಯಾ?

ಇದೆ. ನನ್ನ ನಿದ್ದೆ ಕೆಡಿಸುವ ವಿಷಯ ಇದು. ಲೋಹ ತಡೆಯುವ ಜೀನು ಮತ್ತು ಆಂಟಿಬಯೋಟಿಕ್ ತಡೆಯುವ ಜೀನು ಎಷ್ಟೋ ಸಲ ಒಂದೇ ಡಿಎನ್‌ಎ ತುಂಡಿನಲ್ಲಿ ಅಕ್ಕಪಕ್ಕ ಇರುತ್ತವೆ. ಟಿಎನ್21 ಎಂಬ ತುಂಡಿನಲ್ಲಿ ಪಾದರಸದ ಮೆರ್ ಜೀನುಗಳ ಜೊತೆಗೇ ಆಂಟಿಬಯೋಟಿಕ್ ಜೀನುಗಳೂ ಇವೆ. ಈ ತುಂಡುಗಳು ಪ್ಲಾಸ್ಮಿಡ್ ಏರಿ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಜಾತಿ ನೋಡದೆ ದಾಟುತ್ತವೆ. ಖಾಡಿಗೆ (ಸಮುದ್ರದ ಹಿನ್ನೀರಿಗೆ) ಬರೀ ಲೋಹದ ನೀರು ಬಿಟ್ಟರೂ ಔಷಧಿಗೆ ಬಗ್ಗದವು ಉಳಿದುಕೊಳ್ಳುತ್ತವೆ. ಅದೇ ಖಾಡಿಗೆ ಊರಿನ ಚರಂಡಿಯೂ ಸೇರಿದರೆ ಕಾಯಿಲೆ ತರುವ ಬ್ಯಾಕ್ಟೀರಿಯಾಕ್ಕೆ ಆ ಜೀನು ಸಿಗುವ ಅವಕಾಶ ಆಯಿತು.

ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ನೀರನ್ನು ಶುದ್ಧ ಮಾಡಿ ಬಿಡುವ ಕಡೆ, ಒಂದು ಲೀಟರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಾಸಿನ್ ಸಿಕ್ಕಿತು ಎಂದು 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಬರೆದರು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಅಂಥ ನೀರಿನಲ್ಲಿ ಬದುಕುವುದು ಬಿಸಿನೀರಿನ ಬುಗ್ಗೆಯಲ್ಲಿ ಬದುಕುವಷ್ಟೇ ಸಾಹಸ. ಬುಗ್ಗೆಯವು ಬುಗ್ಗೆಯಲ್ಲೇ ಇರುತ್ತವೆ. ಇವು ನಮ್ಮ ಮನೆಗೆ ಬರುತ್ತವೆ.

ಲ್ಯಾಬಿನ ತಟ್ಟೆಯಲ್ಲಿ ಬೆಳೆಯದಿದ್ರೆ ಆ ಜಾಗದಲ್ಲಿ ಏನೂ ಇಲ್ಲ ಅಂತಲೇ ಲೆಕ್ಕನಾ?

ಅಲ್ಲ. ಹೆಚ್ಚಿನವು ತಟ್ಟೆಗೆ ಬರುವುದೇ ಇಲ್ಲ. ಹಾಗಾಗಿ ಮಣ್ಣು, ನೀರಿನಿಂದ ನೇರವಾಗಿ ಡಿಎನ್‌ಎ ತೆಗೆದು ಓದುತ್ತಾರೆ. ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಚಿನ್ನದ ಗಣಿಯಲ್ಲಿ 2.8 ಕಿಲೋಮೀಟರ್ ಆಳದ ಬಿರುಕಿನ ನೀರಿನಿಂದ ಹೀಗೆ ಓದಿದಾಗ, ಡಿಎನ್‌ಎ ಹೆಚ್ಚುಕಡಿಮೆ ಪೂರ್ತಿ ಒಂದೇ ಜಾತಿಯದ್ದಾಗಿತ್ತು. 2008ರಲ್ಲಿ ವರದಿಯಾದ ಡಿಸಲ್ಫೋರುಡಿಸ್ ಆಡಾಕ್ಸ್‌ವಿಯೇಟರ್ ಅದು. ಬಿಸಿಲು ಇಲ್ಲ, ಗಾಳಿ ಇಲ್ಲ, ಜೊತೆಗೆ ಯಾರೂ ಇಲ್ಲ. ಬಂಡೆಯ ಯುರೇನಿಯಂ ವಿಕಿರಣ ನೀರನ್ನು ಒಡೆದಾಗ ಬರುವ ಹೈಡ್ರೋಜನ್ ಅದರ ಊಟ.

ಕಾರ್ಖಾನೆ ಪಕ್ಕದ ನಾಲೆಯಲ್ಲಿ ಬಣ್ಣಬಣ್ಣದ ನೀರಿದೆ. ಒಂದು ಬಾಟ್ಲಿಯಲ್ಲಿ ತಂದುಕೊಡ್ಲಾ? ಮಗಳಿಗೂ ಇದನ್ನೇ ಓದೋ ಆಸೆ.

ಬಾಟ್ಲಿ ತರಬೇಡಿ. ಆ ನೀರಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಕೈ ಹಾಕಬಾರದು. ನೀರು ಕುಡಿದ ಬಾಟ್ಲಿಯಲ್ಲಿ ತುಂಬಿದರೆ ಮನೆಯಲ್ಲಿ ಯಾರಾದರೂ ಕುಡಿಯುವ ಭಯವೂ ಇದೆ. ಜಾಗ, ದಿನ, ಹೊತ್ತು ಬರೆದು, ಫೋಟೋ ತೆಗೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ. ನೀರು ಬಿಡುವ ಹೊತ್ತು ಬರೆದಿದ್ದರೆ ದೂರಿಗೆ ತೂಕ ಬರುತ್ತದೆ.

ಮಗಳಿಗೆ ಒಳ್ಳೆಯ ಊರಲ್ಲೇ ಇದ್ದೀರಿ. ಪುಣೆಯಲ್ಲಿ ಸೂಕ್ಷ್ಮಜೀವಿಗಳನ್ನು ಜೋಪಾನ ಮಾಡಿಡುವ ದೊಡ್ಡ ಸಂಗ್ರಹಗಳಿವೆ: ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರ, ಮತ್ತು ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಕೈಗಾರಿಕಾ ಸೂಕ್ಷ್ಮಜೀವಿಗಳ ಸಂಗ್ರಹ. ಗೋವಾ ವಿಶ್ವವಿದ್ಯಾಲಯದಲ್ಲಿ ಉಪ್ಪಿನ ಗದ್ದೆಯ ಜೀವಿಗಳ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಬಿಎಸ್ಸಿಗೆ ಸೂಕ್ಷ್ಮಜೀವಶಾಸ್ತ್ರ ತೆಗೆದುಕೊಳ್ಳಲಿ, ಆದರೆ ರಸಾಯನಶಾಸ್ತ್ರ ಬಿಡದಿರಲಿ. ವಿಷ ಎಲ್ಲಿಂದ ಬಂತು, ಯಾವ ರೂಪಕ್ಕೆ ತಿರುಗಿತು, ಎಲ್ಲಿಗೆ ಹೋಯಿತು ಎಂದು ಲೆಕ್ಕ ಹಾಕಲು ಬೇಕಾದ್ದು ಅದೇ.